ತಾನಾಗೇ ತಂಪಾಗುವ ಮನೆ: ಏಳು ಬೇಸಿಗೆ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದರಲ್ಲಿ ಮುಕ್ಕಾಲು ಪಾಲು ತಪ್ಪು ನಮ್ಮದೇ.

ಏಳು ವರ್ಷದ ಹಿಂದೆ ಮನೆ ಕಟ್ಟಿಸುವಾಗ ನಮ್ಮ ಆರ್ಕಿಟೆಕ್ಟ್ "ಇದು ತಾನಾಗೇ ತಂಪಾಗುವ ಮನೆ" ಎಂದಿದ್ದರು. ಮಧ್ಯೆ ಪೊಳ್ಳು ಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆ, ಕಾಂಕ್ರೀಟಿನಲ್ಲಿ ಹೆಂಚು ಹುದುಗಿಸಿದ ಚಾವಣಿ (ಫಿಲ್ಲರ್ ಸ್ಲ್ಯಾಬ್), ನಡುವೆ ಸಣ್ಣದೊಂದು ತೆರೆದ ಅಂಗಳ, ಮೆಟ್ಟಿಲ ಮೇಲೆ ಎತ್ತರದ ಗೂಡು, ಅದರ ತುದಿಯಲ್ಲಿ ಗಾಳಿಕಿಂಡಿ, ತಾರಸಿಗೆ ಬಿಳಿ ಬಣ್ಣ. ನನ್ನ ತಕರಾರು ಇರೋದು ಆ "ತಾನಾಗೇ" ಅನ್ನೋ ಮಾತಿನ ಮೇಲೆ. ಮನೆ ತಂಪಾಗುತ್ತದೆ, ನಿಜ. ಆದರೆ ಯಾರಾದರೂ ಹೊತ್ತು ನೋಡಿ ಕಿಟಕಿ ತೆಗೆದು ಮುಚ್ಚುತ್ತಿರಬೇಕು.

ಮೊದಲ ಬೇಸಿಗೆಯಲ್ಲಿ ಇದು ನಮಗೆ ಗೊತ್ತಿರಲಿಲ್ಲ. ಗಾಳಿ ಆಡಲಿ ಅಂತ ಹಗಲೆಲ್ಲ ಕಿಟಕಿ ತೆರೆದಿಟ್ಟೆವು. ಸೆಕೆ ತಡೆಯಲಾರದೆ ಆರ್ಕಿಟೆಕ್ಟ್‌ಗೆ ಫೋನ್ ಮಾಡಿ ಜಗಳವಾಡಿದೆ. ಅವರು ಕೇಳಿದ್ದು ಒಂದೇ: "ಮಧ್ಯಾಹ್ನ ಕಿಟಕಿ ತೆಗೆದಿರ್ತೀರಾ ಮೇಡಂ?" ಹೊರಗೆ 37 ಡಿಗ್ರಿ ಇದ್ದರೆ ಒಳಗೆ ಬರುವ ಗಾಳಿಯೂ 37 ಡಿಗ್ರಿಯದೇ ಅಲ್ವಾ? ರಾತ್ರಿಯಿಡೀ ತಣ್ಣಗಾದ ಗೋಡೆ, ನೆಲ ಎಲ್ಲ ಆ ಬಿಸಿಯನ್ನು ಕುಡಿದುಬಿಡುತ್ತವೆ. 9 ಇಂಚಿನ ಮಾಮೂಲಿ ಇಟ್ಟಿಗೆ ಗೋಡೆಯಲ್ಲೇ ಹೊರಗಿನ ಬಿಸಿ ಒಳಮುಖಕ್ಕೆ ಬರಲು ಸುಮಾರು ಆರೇಳು ಗಂಟೆ ಬೇಕು. ಅಷ್ಟು ತಡ ಮಾಡಿಸೋಕೇ ಇಷ್ಟೆಲ್ಲ ಗೋಡೆ ಕಟ್ಟಿಸಿದ್ದು. ನಾವು ಪಕ್ಕದಲ್ಲೇ ಬಾಗಿಲು ತೆಗೆದು ಬಿಸಿಯನ್ನು ಒಳಗೆ ಕರೆಯುತ್ತಿದ್ದೆವು.

ಆಮೇಲೆ ಎರಡು ಥರ್ಮಾಮೀಟರ್ ತಂದೆವು. ಒಂದು ಹಾಲ್‌ನಲ್ಲಿ, ಇನ್ನೊಂದು ಹೊರಗೆ ನೆರಳಲ್ಲಿ. ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದರೆ ಕಿಟಕಿ ತೆಗೆಯುವುದು, ಮೇಲೇರಿದರೆ ಮುಚ್ಚುವುದು. ಅಷ್ಟೇ. ಎರಡನೇ ವರ್ಷದಿಂದ ಅದೇ 37 ಡಿಗ್ರಿಯ ಮಧ್ಯಾಹ್ನ ಹಾಲ್‌ನಲ್ಲಿ 30, 31ರ ಆಸುಪಾಸು ಇರುತ್ತದೆ. ಬಂದ ನೆಂಟರು ಮಾತ್ರ ಇವತ್ತಿಗೂ "ಏನಮ್ಮಾ, ಹಗಲು ಹೊತ್ತಲ್ಲಿ ಹೀಗೆ ಮುಚ್ಕೊಂಡು ಕೂತಿದ್ದೀರಿ" ಅನ್ನುತ್ತಾರೆ.

ಯಾರೂ ಹೇಳದ ಇನ್ನೊಂದು ವಿಷಯ ಇದೆ. ಈ ಥರದ ಮನೆಯಲ್ಲಿ ಕೆಟ್ಟ ಹೊತ್ತು ಮಧ್ಯಾಹ್ನ ಎರಡು ಗಂಟೆಯಲ್ಲ, ಸಂಜೆ ಏಳರಿಂದ ಒಂಬತ್ತು. ಗೋಡೆ ಹಗಲು ಕುಡಿದದ್ದನ್ನು ಆಗ ಒಳಗೆ ಬಿಡುತ್ತಿರುತ್ತದೆ, ಹೊರಗಿನ ಗಾಳಿ ಇನ್ನೂ ತಣ್ಣಗಾಗಿರುವುದಿಲ್ಲ. ಮೆಟ್ಟಿಲ ಗೂಡಿನ ಕಿಂಡಿಗೆ ನಾನು ಟಿಶ್ಯೂ ಕಾಗದದ ಒಂದು ತೆಳು ಪಟ್ಟಿ ಅಂಟಿಸಿದ್ದೇನೆ. ಸಂಜೆ ಅದು ಸುಮ್ನೆ ನೇತಾಡುತ್ತಿರುತ್ತದೆ. ಒಳಗೂ ಹೊರಗೂ ಒಂದೇ ಬಿಸಿ ಇದ್ದರೆ ಗಾಳಿ ಮೇಲೇರೋಕೆ ಕಾರಣವೇ ಇಲ್ಲವಲ್ಲ. ಹತ್ತು ಗಂಟೆಯ ಹೊತ್ತಿಗೆ ಪಟ್ಟಿ ಮೆಲ್ಲಗೆ ಹೊರಮುಖವಾಗಿ ವಾಲುತ್ತದೆ. ಆಮೇಲೆ ಪಟಪಟ ಅನ್ನುತ್ತದೆ. ಹೊರಗೆ ಒಂದು ಎಲೆ ಅಲ್ಲಾಡದ ರಾತ್ರಿಯಲ್ಲೂ ಹೀಗೆ ಆಗುತ್ತದೆ. ಒಳಗಿನ ಬಿಸಿ ಗಾಳಿ ಮೇಲಿನಿಂದ ಹೊರಟು, ಕೆಳಗಿನ ಕಿಟಕಿಯಿಂದ ತಣ್ಣನೆಯದು ನುಗ್ಗುತ್ತದೆ. ಈ ಮನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಆರ್ಕಿಟೆಕ್ಟ್ ನಮಗೆ ಆಗ ತೋರಿಸಿದ್ದು ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್ ಸೆಂಟರ್ ಚಿತ್ರ. ಮಿಕ್ ಪಿಯರ್ಸ್ ವಿನ್ಯಾಸ ಮಾಡಿದ, 1996ರಲ್ಲಿ ಬಳಕೆಗೆ ತೆರೆದ ಕಟ್ಟಡ. ಗೆದ್ದಲ ಹುತ್ತ ನೋಡಿ ಕಲಿತದ್ದು ಅಂತ ಪ್ರಸಿದ್ಧಿ. ಹುತ್ತದೊಳಗೆ ಗಾಳಿ ಆಡುವ ರೀತಿ ಆಗ ಅಂದುಕೊಂಡಷ್ಟು ಸರಳವಲ್ಲ ಅಂತ ಆಮೇಲೆ ಸಂಶೋಧಕರೇ ಹೇಳಿದರು. ಕಟ್ಟಡ ಮಾತ್ರ ಚೆನ್ನಾಗೇ ಕೆಲಸ ಮಾಡುತ್ತಿದೆ. ಅಲ್ಲೂ ರಾತ್ರಿ ತಣ್ಣನೆಯ ಗಾಳಿಯನ್ನು ಎಳೆದು ಕಾಂಕ್ರೀಟನ್ನು ತಂಪು ಮಾಡುವುದೇ ಉಪಾಯ. ಎಳೆಯೋಕೆ ಫ್ಯಾನ್‌ಗಳಿವೆ! ಇದು ಗೊತ್ತಾದ ಮೇಲೆ ನಮ್ಮ ಗೂಡಿಗೂ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಸಂಜೆಯ ಆ ಕೆಟ್ಟ ಹೊತ್ತು ಸುಮಾರು ಒಂದು ಗಂಟೆ ಕಡಿಮೆಯಾಯಿತು. ಮೊದಲೇ ಹಾಕಿಸಬೇಕಿತ್ತು.

ಈಗ ನಮ್ಮ ತಪ್ಪಿನ ಕಥೆ. ಸೂರ್ಯಾಸ್ತ ಕಾಣಬೇಕು ಅಂತ ಹಟ ಹಿಡಿದು ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇಡಿಸಿದೆವು. ಬೇಡ ಅಂತ ಆರ್ಕಿಟೆಕ್ಟ್ ಎರಡು ಸಲ ಹೇಳಿದ್ದರು. ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಅವನಿಗೆ ಸಜ್ಜಾ ಸಾಕು. ಪಶ್ಚಿಮದ ಸೂರ್ಯ ಸಜ್ಜಾದ ಕೆಳಗಿನಿಂದ ನೇರ ಒಳಗೆ ಬರುತ್ತಾನೆ. ದಪ್ಪ ಪರದೆ ಹಾಕಿದೆವು, ಪ್ರಯೋಜನ ಆಗಲಿಲ್ಲ. ಬಿಸಿಲು ಗಾಜು ದಾಟಿ ಪರದೆಯನ್ನು ಕಾಯಿಸಿದ ಮೇಲೆ ಆ ಬಿಸಿ ರೂಮಿನಲ್ಲೇ ಉಳಿಯುತ್ತದೆ. ಕೊನೆಗೆ ಗಾಜಿನ ಹೊರಗಡೆ ಬಿದಿರಿನ ತಟ್ಟಿ ಇಳಿಬಿಟ್ಟಾಗ ಕೈಯಿಟ್ಟು ನೋಡುವಷ್ಟು ವ್ಯತ್ಯಾಸ. ಸೂರ್ಯಾಸ್ತ ಈಗ ಕಾಣುವುದಿಲ್ಲ.

ಗೋಡೆಯ ಬಗ್ಗೆ ಒಂದು ಎಚ್ಚರಿಕೆ. ನಮ್ಮದು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದ ರ್‍ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಒಳಗೆ ಪೊಳ್ಳು ಉಳಿಯುತ್ತದೆ, ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯ, ಬಿಸಿ ದಾಟುವುದೂ ಕಡಿಮೆ. ಆದರೆ ಪುಸ್ತಕದ ಶೆಲ್ಫ್ ಹಾಕೋಣ ಅಂತ ಡ್ರಿಲ್ ಮಾಡಿದಾಗ ಬಿಟ್ ಸರ್ರನೆ ಒಳಗೆ ಹೋಯಿತು. ಹಿಂದೆಯೇ ತೂರಿಸಿದ ಪ್ಲಗ್ ಟಕ್ ಅಂತ ಪೊಳ್ಳಿನೊಳಗೆ ಬಿತ್ತು. ಅಲ್ಲೇ ಇದೆ ಇನ್ನೂ. ಶೆಲ್ಫ್, ವೈರಿಂಗ್, ಗೀಸರ್ ಎಲ್ಲೆಲ್ಲಿ ಬರುತ್ತದೆ ಅಂತ ಕಟ್ಟುವ ಮೊದಲೇ ಮೇಸ್ತ್ರಿಗೆ ಹೇಳಿ, ಅಷ್ಟು ಜಾಗ ಗಟ್ಟಿಯಾಗಿ ಕಟ್ಟಿಸಿಕೊಳ್ಳಿ. ಫಿಲ್ಲರ್ ಸ್ಲ್ಯಾಬ್‌ನಲ್ಲಿ ಫ್ಯಾನ್ ಕೊಕ್ಕೆಗೂ ಇದೇ ಮಾತು.

ಅಂಗಳದ ನೀರಿನ ಕೊಳ ಅರ್ಧ ವರ್ಷ ವರ, ಅರ್ಧ ವರ್ಷ ಶಾಪ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್ ಕರೆಂಟಿಗೆ ಸ್ವಲ್ಪ ಕಡಿಮೆ ಎನ್ನುವಷ್ಟು ಶಾಖ ಎಳೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಇದು ನಿಜಕ್ಕೂ ಅದ್ಭುತ. ಇರಾನಿನ ಯಜ್ದ್‌ನ ಗಾಳಿಗೋಪುರಗಳು ಕೊಳದ ಮೇಲೆ ಗಾಳಿ ಹಾಯಿಸಿ ತಂಪು ತರೋದು ಅದು ಮರುಭೂಮಿಯ ಊರಾದ್ದರಿಂದ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆವಿಯಾಗೋದಾದರೂ ಹೇಗೆ? ಮಳೆಗಾಲದಲ್ಲಿ ನಮ್ಮ ಕೊಳ ಸೊಳ್ಳೆ ಸಾಕಿದ್ದಷ್ಟೇ. ಈಗ ಆ ತಿಂಗಳುಗಳಲ್ಲಿ ಖಾಲಿ ಮಾಡಿ ಒಣಗಿಸಿಡುತ್ತೇವೆ.

ಬೆವರು ಆರದ ಆ ದಿನಗಳಲ್ಲಿ ಈ ಮನೆಯ ಜಾಣತನವೆಲ್ಲ ಸೋಲುತ್ತದೆ. ರಾತ್ರಿಯೂ ಬಿಸಿ ಇಳಿಯದಿದ್ದರೆ ಗೋಡೆಗೆ ಎಲ್ಲಿಂದ ತಂಪು ಬರಬೇಕು? ಆಗ ಸೀಲಿಂಗ್ ಫ್ಯಾನೇ ಗತಿ. ಐದನೇ ವರ್ಷ ಅಮ್ಮನಿಗೆ ಹುಷಾರು ತಪ್ಪಿದಾಗ ಅವರ ರೂಮಿಗೆ ಏಸಿ ಹಾಕಿಸಿದೆವು. ಒಪ್ಪಿಕೊಳ್ಳೋಕೆ ನಾಚಿಕೆಯೇನೂ ಇಲ್ಲ. ತಾಪತ್ರಯ ಆದದ್ದು ಬೇರೆ: ಮುಚ್ಚಲಾಗದ ಜಾಲಂಧ್ರಗಳಿಂದ ತಂಪೆಲ್ಲ ಹೊರಗೆ ಹೋಗುತ್ತಿತ್ತು. ಪ್ಲೈವುಡ್ ಹಲಗೆ ಕತ್ತರಿಸಿ ಬಡಿಯಬೇಕಾಯಿತು. ವರ್ಷಕ್ಕೆ ಇಪ್ಪತ್ತು ರಾತ್ರಿ ಓಡುತ್ತದೆಯೇನೋ.

ಇನ್ನು ಮೇಂಟೆನೆನ್ಸ್. ಬಿಳಿ ತಾರಸಿ ಧೂಳು ಹಿಡಿದು ಬೂದು ಬಣ್ಣಕ್ಕೆ ತಿರುಗಿದರೆ ಬಿಸಿಲನ್ನು ಅಷ್ಟಾಗಿ ಹಿಂದಕ್ಕೆ ಕಳಿಸುವುದಿಲ್ಲ. ಬೇಸಿಗೆಗೆ ಮುಂಚೆ ತೊಳೆಯಲೇಬೇಕು, ಎರಡು ಮೂರು ವರ್ಷಕ್ಕೊಮ್ಮೆ ಬಣ್ಣ. ಸೊಳ್ಳೆ ಜಾಲರಿ ಇನ್ನೂ ಮುಖ್ಯ. ಮೂರನೇ ವರ್ಷ ನನ್ನ ಟಿಶ್ಯೂ ಪಟ್ಟಿ ಅಲ್ಲಾಡುವುದನ್ನೇ ಬಿಟ್ಟಿತ್ತು. ಏನೋ ಕೆಟ್ಟಿದೆ ಅಂದುಕೊಂಡು ಹತ್ತಿ ನೋಡಿದರೆ ಜಾಲರಿಯ ಕಣ್ಣುಗಳೆಲ್ಲ ಧೂಳು ತುಂಬಿ ಕಂಬಳಿಯಂತಾಗಿದ್ದವು. ಹಳೇ ಬ್ರಷ್ ಹಾಕಿ ಉಜ್ಜಿದ ರಾತ್ರಿಯೇ ಪಟ್ಟಿ ಮತ್ತೆ ಪಟಪಟ ಅಂದಿತು.

ಆ ಕಿಂಡಿ ಇರೋದು ಹದಿನಾಲ್ಕು ಅಡಿ ಮೇಲೆ. ಅಲ್ಲಿಗೆ ಯಾರು ಹತ್ತುತ್ತಾರೆ ಅಂತ ನಕ್ಷೆ ಬರೆಯುವಾಗ ಆರ್ಕಿಟೆಕ್ಟೂ ಯೋಚಿಸಲಿಲ್ಲ, ನಾವೂ ಕೇಳಲಿಲ್ಲ. ಇಷ್ಟು ವರ್ಷ ನಮ್ಮ ಯಜಮಾನರು ಹತ್ತುತ್ತಿದ್ದರು. ಈಗ ಅವರಿಗೆ ಮಂಡಿನೋವು. ಬೇಸಿಗೆ ಬರುವುದರೊಳಗೆ ಏಣಿ ಹತ್ತುವ ಆಳನ್ನು ಹುಡುಕುತ್ತಿದ್ದೇವೆ.