ಬೆಳಿಗ್ಗೆ ಮಾತ್ರ ಸೋರುವ ಕಾರು: ಶಿರಸಿ ಕಡೆಯವರು ಸ್ವಲ್ಪ ನೋಡಿ

ಚಳಿಗಾಲದಲ್ಲಿ ಕಾರಿನಡಿ ಬಣ್ಣದ ಹನಿ ಕಂಡು ಯಾರಾದರೂ "ಅದು ಏಸಿ ನೀರು" ಅಂದರೆ ನಂಬಬೇಡಿ. ನಾನು ನಂಬಿದೆ. 80 ರೂಪಾಯಿ ಕ್ಲಿಪ್ಪಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 35 ಸಾವಿರ ಹೋಯಿತು.

ಡಿಸೆಂಬರ್, ಕೊನೆ ಕೊಯ್ಲಿನ ಗಡಿಬಿಡಿ. ಅಂಗಳದ ತುಂಬ ಅಡಿಕೆ ಹರವಿದ್ದರಿಂದ ಕಾರು ಕೊಟ್ಟಿಗೆ ಪಕ್ಕ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಆಯಿ ಕರೆದಳು: "ತಮಾ, ಇಲ್ಲಿ ಎಂತದೋ ಹಸ್ರು ನೀರು ಬಿದ್ದಿದ್ದು ನೋಡು." ನಾನು ಹೋಗುವಷ್ಟರಲ್ಲಿ ಮಣ್ಣು ಕುಡಿದಾಗಿತ್ತು. ಆ ರಾತ್ರಿ ಎಂಜಿನ್ ಅಡಿಗೆ ಒಂದು ಅಡಿಕೆ ಹಾಳೆ ಇಟ್ಟೆ. ಬೆಳಿಗ್ಗೆ ಹಾಳೆಯ ಗುಳಿಯಲ್ಲಿ ಎರಡು ಚಮಚದಷ್ಟು ಹಸಿರು ನೀರು. ಬೆರಳಿಗೆ ಜಿಡ್ಡು, ಮೂಗಿಗೆ ಸಿಹಿ ವಾಸನೆ. ಮನೆಯ ನಾಯಿಯೂ ಮೂಗು ಚಾಚಿಕೊಂಡು ಬಂತು, ಓಡಿಸಿದೆ. ಕೂಲಂಟ್‌ನಲ್ಲಿರುವ (ಎಂಜಿನ್ ತಣ್ಣಗಿಡುವ ದ್ರವ) ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳಿಗೂ ಮನುಷ್ಯರಿಗೂ ವಿಷ, ಮೂತ್ರಪಿಂಡ ಕೆಡಿಸುತ್ತದೆ. ಹಾಳೆ ಇಡುವವರು ಬೆಳಿಗ್ಗೆ ಎದ್ದವರೇ ಮೊದಲು ಅದನ್ನು ತೆಗೆಯಿರಿ.

ತೋಟದ ಕೆಲಸ ಮುಗಿಸಿ ಪೇಟೆಯ ಗ್ಯಾರೇಜಿಗೆ ಹೋದಾಗ 11 ಗಂಟೆ. ಇಪ್ಪತ್ತು ಕಿಲೋಮೀಟರ್ ಓಡಿ ಎಂಜಿನ್ ಕಾದಿತ್ತು, ಅಡಿಯೆಲ್ಲ ಒಣ ಒಣ. "ಏಸಿ ನೀರು ಹೆಗಡೇರೆ, ತಲೆ ಕೆಡಿಸ್ಕೋಬೇಡಿ" ಅಂದ ಗ್ಯಾರೇಜಿನವನು. ಏಸಿ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಿರಲಿ, ಶಿರಸಿಯ ಡಿಸೆಂಬರ್ ಚಳಿಯಲ್ಲಿ ಏಸಿ ಹಾಕುವ ಪುಣ್ಯಾತ್ಮ ಯಾರು? ಅಲ್ಲೇ ಕೇಳಬೇಕಿತ್ತು, ಕೇಳಲಿಲ್ಲ. ಮೂರನೇ ಸಲ ಹೋದಾಗ "ರೇಡಿಯೇಟರ್ ಹೋಗಿದೆ" ಅಂತಾಯಿತು. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. 7 ಸಾವಿರ ಕೊಟ್ಟು ಹೊಸತು ಹಾಕಿಸಿದೆ. ಮೋಡ ಮುಸುಕಿ ಚಳಿ ಬಿಟ್ಟಿದ್ದ ಎರಡು ದಿನ ಹಾಳೆ ಒಣಗಿತ್ತು. ಮೂರನೇ ದಿನ ಇಬ್ಬನಿ ಬಿತ್ತು, ಹನಿಯೂ ಬಿತ್ತು.

ಅದೇ ವಾರ ಕುಮಟಾದಲ್ಲಿ ಮಾವನ ಮನೆಗೆ ಹೋದೆವು. ಎರಡು ರಾತ್ರಿ ಕಾರು ಅಲ್ಲಿತ್ತು, ಒಂದು ಹನಿ ಇಲ್ಲ. ಸಮುದ್ರದ ಬದಿಯ ಸೆಕೆಯಲ್ಲಿ ನಿಂತ ಸೋರಿಕೆ ಘಟ್ಟದ ಮೇಲಿನ ಚಳಿಗೆ ಶುರುವಾಗುತ್ತದೆ ಅಂದರೆ ರೋಗ ಯಾವುದು ಅಂತ ಆಗಲೇ ಹೊಳೆಯಬೇಕಿತ್ತು. ಸರಿಹೋಯಿತು ಅಂದುಕೊಂಡು ಹೊರಟೆ. ಬಾನೆಟ್ ಎತ್ತಿ ನೋಡಿದ್ದೆ ಕೂಡ, ಕೂಲಂಟ್ ಡಬ್ಬಿಯಲ್ಲಿ ಗೆರೆಯ ತನಕ ಇದ್ದಂತೆ ಕಂಡಿತು. ಆಮೇಲೆ ಗೊತ್ತಾಯಿತು, ಅದು ಹಳೆಯ ಕೂಲಂಟ್ ಬಿಟ್ಟ ಕಲೆ. ಡಬ್ಬಿಯನ್ನು ಅಲುಗಾಡಿಸಿ, ಒಳಗೆ ನೀರು ತುಳುಕುತ್ತದೆಯೇ ಅಂತ ನೋಡಬೇಕು. ಅದೂ ಎಂಜಿನ್ ತಣ್ಣಗಿರುವಾಗ.

ದೇವಿಮನೆ ಘಟ್ಟ ಅರ್ಧ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ನಿಲ್ಲಿಸಲು ಜಾಗ ಹುಡುಕುತ್ತಿದ್ದಂತೆ ಸರ್ರನೆ ಕೆಳಗಿಳಿಯಿತು. ಬದುಕಿದೆ ಅಂದುಕೊಂಡು ಇನ್ನೆರಡು ಕಿಲೋಮೀಟರ್ ಓಡಿಸಿದೆ. ನನ್ನ ದೊಡ್ಡ ತಪ್ಪು ಇದೇ. ಆ ಮುಳ್ಳು ಅಳೆಯುವುದು ಕೂಲಂಟ್‌ನ ಬಿಸಿಯನ್ನು. ಕೂಲಂಟ್ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಇಳಿಯಬಹುದು. ತಿರುವಿನಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹೊಗೆ ಎದ್ದಿತು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಹೊರಟವನನ್ನು ಒಬ್ಬ ಲಾರಿ ಡ್ರೈವರ್ "ಮುಟ್ಬೇಡಿ, ಮುಖಕ್ಕೆ ಹಾರತ್ತೆ" ಅಂತ ಕೂಗಿ ತಡೆದ. ಅವನ ಹೊಟ್ಟೆ ತಣ್ಣಗಿರಲಿ.

ಕಾರನ್ನು ಎಳೆಸಿಕೊಂಡು ಶಿರಸಿಯ ಇನ್ನೊಂದು ಗ್ಯಾರೇಜಿಗೆ ಹಾಕಿದೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿಗೂ ಅದರ ಮೇಲ್ಭಾಗದ ಹೆಡ್‌ಗೂ ನಡುವೆ ಕೂರುವ ಪದರ, ಸುಟ್ಟಿತ್ತು. ಆದರೆ ಆ ಮೇಸ್ತ್ರಿ ಹೆಡ್ ಬಿಚ್ಚುವ ಮೊದಲು "ರಾತ್ರಿ ಬಯಲಲ್ಲೇ ಇರ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡ್ದೇ ನೋಡ್ಬೇಕು" ಅಂದ. ಆರೂವರೆಗೆ ನಾನೂ ಹೋದೆ. ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಕೂರಿಸಿ, ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಿದ್ದ 1.1 ಬಾರ್ ತನಕ ಒತ್ತಿದ. ಟಾರ್ಚ್ ಬೆಳಕಿನಲ್ಲಿ, ಮೇಲಿನ ಹೋಸ್ ಪೈಪು ಎಂಜಿನ್ನಿಗೆ ಸೇರುವ ಜಾಗದಲ್ಲಿ ಒಂದು ಮಣಿ ಮೂಡಿತು, ದಪ್ಪಗಾಯಿತು, ಉದುರಿತು. ಐದು ನಿಮಿಷದ ಕೆಲಸ.

ಹಿಂದಿನ ಮಳೆಗಾಲದಲ್ಲಿ ಥರ್ಮೋಸ್ಟಾಟ್ ಬದಲಿಸುವಾಗ ಮೊದಲ ಗ್ಯಾರೇಜಿನವನು ಕಂಪನಿಯ ಸ್ಪ್ರಿಂಗ್ ಕ್ಲಿಪ್ ತೆಗೆದು ಸ್ಕ್ರೂ ಕ್ಲಿಪ್ ಹಾಕಿದ್ದ. ಚಳಿಗೆ ರಬ್ಬರ್ ಕುಗ್ಗಿದರೆ ಸ್ಪ್ರಿಂಗ್ ಕ್ಲಿಪ್ ಜೊತೆಗೇ ಬಿಗಿಯುತ್ತದೆ. ಸ್ಕ್ರೂ ಕ್ಲಿಪ್ ತಿರುಗಿಸಿದಲ್ಲೇ ನಿಲ್ಲುತ್ತದೆ. ಒಂಬತ್ತು ವರ್ಷದ ಪೈಪು ಬೇರೆ, ಗಟ್ಟಿಯಾಗಿತ್ತು. ಎಂಜಿನ್ ಕಾದ ಮೇಲೆ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ 11 ಗಂಟೆಗೆ ಗಾಡಿ ತೋರಿಸಿದರೆ ಬ್ರಹ್ಮನಿಗೂ ಸಿಗುತ್ತಿರಲಿಲ್ಲ. ಇಂಥ ಸೋರಿಕೆಗೆ ಹಿಂದಿನ ರಾತ್ರಿಯೇ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಪ್ರೆಶರ್ ಟೆಸ್ಟ್ ಮಾಡದೆ ರೇಡಿಯೇಟರ್ ಬದಲಿಸಲು ಒಪ್ಪಬೇಡಿ. ಹೆಡ್ ಕೆಲಸಕ್ಕೆ 28 ಸಾವಿರ ಬಿತ್ತು.

ಹಳೆಯ ಕ್ಲಿಪ್ಪನ್ನು ಕಿಸೆಯಲ್ಲಿ ಹಾಕಿಕೊಂಡು ಮೊದಲ ಗ್ಯಾರೇಜಿಗೆ ಹೋಗಿ ಮೇಜಿನ ಮೇಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ಶಿವರಾತ್ರಿ ಕಳೆದ್ರೆ ತನ್ನಷ್ಟಕ್ಕೇ ನಿಲ್ತಿತ್ತು ಹೆಗಡೇರೆ, ನೀವೇ ಅವಸರ ಮಾಡಿದ್ರಿ" ಅಂದ.