ಪೈಲಟ್ ಮಕ್ಕಳಿಗೆ ಶೀತದ ಮಾತ್ರೆ ಕೊಟ್ಟು ಕಳುಹಿಸಬೇಡಿ

ಸೇನೆಯಲ್ಲಿ ವಿಮಾನ, ಹೆಲಿಕಾಪ್ಟರ್ ನಡೆಸುವ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ಅಕ್ಕನ ಮಗ ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್. ದೀಪಾವಳಿ ರಜೆಗೆ ಹಾಸನಕ್ಕೆ ಬಂದವನು ಹಾಸನಾಂಬೆಯ ದರ್ಶನಕ್ಕೆಂದು ರಾತ್ರಿಯ ಇಬ್ಬನಿಯಲ್ಲಿ ಸರತಿ ನಿಂತು ನೆಗಡಿ ಹಿಡಿಸಿಕೊಂಡ. ಡಾಕ್ಟರಿಗೆ ತೋರಿಸು ಎಂದರೆ, "ಬೇಡ ಮಾವ, ಕಾಗದದ ಮೇಲೆ ಬಂದರೆ ಹಾರಾಟ ನಿಲ್ಲಿಸುತ್ತಾರೆ" ಎಂದ. ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಯಲ್ಲಿ ಶೀತಕ್ಕೆ ಮಾತ್ರೆ ಕೇಳಿದ. ಏನು ಕೆಲಸ ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಅವರು ಮಾತ್ರೆಯ ಪಟ್ಟಿಯಿಂದ (ಸ್ಟ್ರಿಪ್) ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ತುಂಡನ್ನು ನಾನು ಆಮೇಲೆ ನೋಡಿದೆ. ಅದರ ಬೆನ್ನ ಮೇಲೆ ಇದ್ದದ್ದು 'ಪ್ಯಾರಸಿಟಮಾಲ್' ಎಂಬುದರ ಅರ್ಧ, ಬೆಲೆಯ ಒಂದೆರಡು ಅಂಕೆ, ಅಷ್ಟೇ. ಅದರಲ್ಲಿ ನಿದ್ದೆ ತರಿಸುವ ಕ್ಲೋರ್‌ಫೆನಿರಮೈನ್ ಇದೆ ಎಂಬುದು, ವಾಹನ ಚಲಾಯಿಸಬೇಡಿ ಎಂಬ ಎಚ್ಚರಿಕೆ, ಎರಡೂ ಅಂಗಡಿಯಲ್ಲೇ ಉಳಿದ ಅರ್ಧದ ಮೇಲಿದ್ದವು. ಸಾಲದ್ದಕ್ಕೆ ಅಕ್ಕ ತನ್ನ ಅಲರ್ಜಿಯ ಸೆಟ್ರಿಜಿನ್ ಮಾತ್ರೆಯನ್ನೂ ಅವನಿಗೆ ನುಂಗಿಸಿದ್ದಳು.

ರಜೆ ಮುಗಿಸಿ ಹೋದವನು ಮೂಗಿಗೆ ಡ್ರಾಪ್ಸ್ ಬಿಟ್ಟುಕೊಂಡು ಹಾರಾಟಕ್ಕೆ ನಿಂತ. ಏರುವಾಗ ತೊಂದರೆಯಾಗಲಿಲ್ಲ. ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಹೋಗುತ್ತದೆ. ಇಳಿಯುವಾಗ ಗಂಟಲಿನ ಕಡೆಯ ಸಣ್ಣ ನಾಳದಿಂದ ಒಳಗೆ ಬರಬೇಕು. ನೆಗಡಿಯಲ್ಲಿ ಊದಿಕೊಂಡ ನಾಳ ತೆರೆಯುವುದಿಲ್ಲ. ನೆಲ ಹತ್ತಿರವಾದಷ್ಟೂ ಒತ್ತಡ ಬೇಗಬೇಗ ಬದಲಾಗುತ್ತದೆ, ಹಾಗಾಗಿ ತೀರಾ ಎತ್ತರಕ್ಕೆ ಹೋಗಿರಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಕಿವಿಗೆ ಮೊಳೆ ಹೊಡೆದಂತಾಗಿ, ರೇಡಿಯೋದಲ್ಲಿ ಹೇಳಿದ್ದು ತಲೆಗೆ ಹೋಗದೆ ಇವನು ತಡವರಿಸಿದಾಗ ಪಕ್ಕದಲ್ಲಿದ್ದ ಪೈಲಟ್ ಕೈಗೆ ತೆಗೆದುಕೊಂಡು ಇಳಿಸಿದರು. ಕಿವಿತಮಟೆ ಹರಿದಿತ್ತು. ಕೆಲವು ದಿನ ನೆಲದ ಮೇಲಿದ್ದರೆ ಮುಗಿಯುತ್ತಿದ್ದ ನೆಗಡಿಗೆ ವಾರಗಟ್ಟಲೆ ಹಾರಾಟ ನಿಂತಿತು. ಯಾವುದಕ್ಕೆ ಹೆದರಿ ಮುಚ್ಚಿಟ್ಟನೋ ಅದೇ ಆಯಿತು.

ಅವನ ಭಯ ಸುಳ್ಳಲ್ಲ. ಹಾರಲು ದೇಹ ಎಷ್ಟು ಯೋಗ್ಯ ಎಂದು ಸೇನೆ ಕೊಡುವ ವೈದ್ಯಕೀಯ ದರ್ಜೆ ಇಳಿದರೆ ಪೈಲಟ್‌ನ ಬದುಕೇ ಬದಲಾಗುತ್ತದೆ. ನಿಜ ಹೇಳಿದವನೇ ಕಳೆದುಕೊಳ್ಳುವಂತಿದ್ದರೆ ಹುಡುಗರು ಔಷಧಿ ಅಂಗಡಿಯನ್ನೇ ಹುಡುಕುತ್ತಾರೆ. ಇದನ್ನು ಮೇಲಿನವರೂ ಯೋಚಿಸಬೇಕು.

ಆದರೆ ಮಾತ್ರೆಗೆ ಈ ಕಷ್ಟ ತಿಳಿಯುವುದಿಲ್ಲ. ಕ್ಲೋರ್‌ಫೆನಿರಮೈನ್ ನುಂಗಿ ಸುಮಾರು 20 ಗಂಟೆಯಾದರೂ ಅದರ ಅರ್ಧದಷ್ಟು ರಕ್ತದಲ್ಲಿ ಉಳಿದಿರಬಹುದು. ತೂಕಡಿಕೆ ಹೋಯಿತು ಎನಿಸಿದ ಮೇಲೂ ಕೈ, ಕಣ್ಣು ನಿಧಾನವಾಗಿರುತ್ತವೆ, ನಮಗದು ಗೊತ್ತಾಗುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು 1990ರಿಂದ 2012ರವರೆಗೆ ಅಪಘಾತಗಳಲ್ಲಿ ಸತ್ತ ನಾಗರಿಕ ಪೈಲಟ್‌ಗಳ ರಕ್ತ ಪರೀಕ್ಷೆಗಳನ್ನು ನೋಡಿದಾಗ, ಮಂಪರು ತರಬಲ್ಲ ಔಷಧಿಗಳಲ್ಲಿ ಹೆಚ್ಚಾಗಿ ಸಿಕ್ಕದ್ದು ಇದೇ ಜಾತಿಯ ಡೈಫೆನ್‌ಹೈಡ್ರಮೈನ್. ಇಂಥ ಶೀತದ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್ ಬಾಯಿಯ ಮೂಲಕ ತೆಗೆದುಕೊಂಡರೆ ಕೆಲಸ ಮಾಡುವುದಿಲ್ಲ ಎಂದು ಅದೇ ದೇಶದ ತಜ್ಞರ ಸಮಿತಿ 2023ರಲ್ಲಿ ಹೇಳಿದೆ. ಮೂಗೂ ಬಿಡಲಿಲ್ಲ, ಮಂಪರು ಮಾತ್ರ ಉಳಿಯಿತು!

ಮಗ ರಜೆಗೆ ಬಂದಾಗ ಏನಾದರೂ ನುಂಗಿದ್ದರೆ ಹೆಸರು, ಹೊತ್ತು ಬರೆದುಕೊಟ್ಟು, ಹಾರುವ ಮುನ್ನ ಸ್ಕ್ವಾಡ್ರನ್ ವೈದ್ಯರಿಗೆ ತೋರಿಸಲು ಹೇಳಿ. ಅಂಗಡಿಯಲ್ಲಿ ಹೆಸರಿರುವ ಕಡೆಯ ತುಂಡನ್ನೇ ಕೇಳಿ, ಇಲ್ಲವೇ ಇಡೀ ಪಟ್ಟಿ ಕೊಳ್ಳಿ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಲಾರಿ, ಬಸ್ ಚಾಲಕರೂ ಇದೇ ಮಾತ್ರೆ ನುಂಗುತ್ತಾರೆ. ಅವರ ಮನೆಯವರಿಗೂ ಇದನ್ನು ಕಳುಹಿಸಿ.