ಇಸ್ತಾಂಬುಲ್‌ನಲ್ಲಿ '120 ವರ್ಷ ಹಳೆಯ ಕಿಲಿಮ್' ಅಂದರೆ ನಂಬಬೇಡಿ

ಟರ್ಕಿಗೆ ಹೊರಟವರು ದಯವಿಟ್ಟು ಓದಿ. ಕಳೆದ ವರ್ಷ ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಹತ್ತಿರದ ಅಂಗಡಿಯೊಂದರಲ್ಲಿ 90,000 ರೂಪಾಯಿ ಕೊಟ್ಟು ಕಿಲಿಮ್ ತಂದೆ. 'ಕೋನ್ಯಾ ಕಡೆಯದು, 120 ವರ್ಷ ಹಳೆಯದು, ಎಲ್ಲ ಗಿಡದ ಬಣ್ಣ' ಅಂದಿದ್ದರು. ಕೊನೆಯ ಎರಡು ಮಾತೂ ಸುಳ್ಳು.

ಕಿಲಿಮ್ ಅಂದರೆ ನಮ್ಮ ಜಮಖಾನೆಯ ಹಾಗೆ ಚಪ್ಪಟೆ ನೇಯ್ಗೆ, ಆದರೆ ಹೆಚ್ಚಾಗಿ ಉಣ್ಣೆಯದು. ಎರಡು ಬಣ್ಣ ಸೇರುವ ಕಡೆ ಹೊಕ್ಕಿನ ನೂಲು ಹಿಂದಕ್ಕೆ ತಿರುಗುತ್ತದೆ, ನಡುವೆ ಸಣ್ಣ ಸೀಳು ಉಳಿಯುತ್ತದೆ. ಸೀಳು ಉದ್ದವಾದರೆ ನೇಯ್ಗೆ ಸಡಿಲ. ಅದಕ್ಕೇ ಚಿತ್ತಾರವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಸಾಗುತ್ತದೆ. ನೋಡಲು ಎಷ್ಟು ಚೆಂದ ಅಂದರೆ, ನಾನು ಸೋತಿದ್ದೇ ಅಲ್ಲಿ.

ಜೊತೆಗೆ ಕಥೆ ಬೇರೆ. ಸೊಂಟಕ್ಕೆ ಕೈಯಿಟ್ಟ ಹೆಂಗಸಿನ ಚಿತ್ತಾರವಿತ್ತು, 'ಎಲಿಬೆಲಿಂದೆ' ಅನ್ನುತ್ತಾರೆ. ಇದು ಚಾತಾಲ್‌ಹೊಯುಕ್‌ ಎಂಬ ಟರ್ಕಿಯ ಪ್ರಾಚೀನ ನೆಲೆಯ 8,000 ವರ್ಷ ಹಿಂದಿನ ಮಾತೃದೇವತೆ ಅಂದರು. ಆ ಮಾತು ಹಬ್ಬಿದ್ದು ಪುರಾತತ್ವಜ್ಞ ಜೇಮ್ಸ್ ಮೆಲ್ಲಾರ್ಟ್ ಅಲ್ಲಿನ ಗೋಡೆಚಿತ್ರಗಳೆಂದು ತೋರಿಸಿದ ರೇಖಾಚಿತ್ರಗಳಿಂದ. ಅವರು ತೀರಿಕೊಂಡ ಮೇಲೆ, 2018ರಲ್ಲಿ, ಮನೆಯಲ್ಲಿ ಸಿಕ್ಕ ಕಾಗದಗಳಿಂದ ಅಂಥ ಎಷ್ಟೋ ಚಿತ್ರಗಳು ಅವರದೇ ಕಲ್ಪನೆ ಎಂಬುದು ಬಯಲಾಯಿತು. ಇದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಮನೆಗೆ ಬಂದು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು. ಹಳೆ ಬಟ್ಟೆ ದುರಸ್ತಿ ಮಾಡುವ ಪರಿಚಿತರೊಬ್ಬರು ನೂಲನ್ನು ಬಿಡಿಸಿ ತೋರಿಸಿದರು. ಮೇಲೆ ಮಾಸಿದ ಬಣ್ಣ, ಒಳಗೆ ಕಣ್ಣು ಕುಕ್ಕುವ ಕಿತ್ತಳೆ. ಬ್ಲೀಚ್ ಮಾಡಿ ಹಳೆಯದರಂತೆ ಕಾಣಿಸಿದ್ದಾರೆ, ಜಾಸ್ತಿ ಅಂದರೆ 40 ವರ್ಷ ಅಂದರು. ನಿಜವಾಗಿ ಬಳಸಿದ್ದು ನಡುವೆ ಒಂದು ಥರ, ಅಂಚಿನಲ್ಲಿ ಒಂದು ಥರ ಸವೆಯುತ್ತದೆ. ನನ್ನದು ಎಲ್ಲ ಕಡೆ ಒಂದೇ ಸಮ ಮಾಸಿದೆ.

ಬಣ್ಣ ಬಿಡಲಿಲ್ಲ ಅಂದ ಮಾತ್ರಕ್ಕೆ ಗಿಡದ ಬಣ್ಣ ಅಂತಲೂ ಅಲ್ಲ. ಒಳ್ಳೆಯ ರಾಸಾಯನಿಕ ಬಣ್ಣಗಳು ಬಿಡುವುದಿಲ್ಲ. ಹಳೆಯದಾದರೂ ಖಾತ್ರಿಯಿಲ್ಲ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಮೊದಲ ಅನಿಲೀನ್ ಬಣ್ಣ, ಅಂದರೆ ರಾಸಾಯನಿಕ ಬಣ್ಣ, ಕಂಡುಹಿಡಿದರು. ಆ ಶತಮಾನ ಮುಗಿಯುವಷ್ಟರಲ್ಲಿ ಅಂಥ ಬಣ್ಣಗಳು ಟರ್ಕಿಯ ಅನಾತೋಲಿಯಾದ ಹಳ್ಳಿ ಮಗ್ಗಗಳಿಗೂ ಬಂದಿದ್ದವು. ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು ತೆಗೆಯುವ ರೂಢಿ ಎಷ್ಟು ಮರೆಯಾಯಿತು ಅಂದರೆ, 1981ರಲ್ಲಿ ಗಿಡದ ಬಣ್ಣ ಮರಳಿ ತರಲು ಶುರುವಾದ ದೊಬಾಗ್ ಯೋಜನೆ ಪಶ್ಚಿಮ ಟರ್ಕಿಯ ಆಯ್ವಾಜಿಕ್ ಕಡೆಯ ಹಳ್ಳಿಗಳಲ್ಲಿ ಅದನ್ನು ಮತ್ತೆ ಕಲಿಸಬೇಕಾಯಿತು.

ನನಗೆ ಆ ಅಂಗಡಿಯಲ್ಲೇ ಹೊಳೆಯಬೇಕಿದ್ದ ಮಾತು ಬೇರೆ ಇದೆ. 'ಪೇಪರ್ ಏನಾದರೂ ಬೇಕಾ?' ಅಂದಿದ್ದೆ. 'ಏನೂ ಬೇಡ' ಅಂದರು. ಟರ್ಕಿಯಿಂದ ಪುರಾತನ ವಸ್ತು ಹೊರಗೆ ಒಯ್ಯುವುದು ಅಪರಾಧ. ಹಳೆಯ ಕಿಲಿಮ್ ಆದರೆ, ಒಯ್ಯಬಹುದು ಅಂತ ಮ್ಯೂಸಿಯಂ ಪ್ರಮಾಣಪತ್ರ ಕೊಡಬೇಕು. ನಿಜಕ್ಕೂ 120 ವರ್ಷದ್ದಾಗಿದ್ದರೆ ಅದು ಸುಮ್ನೆ ನನ್ನ ಸೂಟ್‌ಕೇಸ್ ಸೇರುತ್ತಿರಲಿಲ್ಲ, ಅಲ್ವಾ?

ವಯಸ್ಸು, ಊರು, ಬಣ್ಣ ಮೂರನ್ನೂ ಬಿಲ್ ಮೇಲೆ ಬರೆಸಿ, ಸಹಿ ಹಾಕಿಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ನನ್ನ ಬಿಲ್‌ನಲ್ಲಿ 'ಕಾರ್ಪೆಟ್, 1' ಅಂತ ಮಾತ್ರ ಇದೆ. ದುಡ್ಡು ವಾಪಸ್ ಕೇಳಿ ಬರೆದಾಗ ಅವರು ಅದನ್ನೇ ತೋರಿಸಿದರು.